ಪರದೆಯಲ್ಲಿ ಪಾತಾಳ, ಹಿತ್ತಿಲಲ್ಲಿ ಹಗೇವು

ಹಾಸನ ಜಿಲ್ಲೆಯ ಕಟ್ಟಾಯದ ಸುತ್ತಮುತ್ತ ಆಲೂಗಡ್ಡೆ ಹೊಲದಲ್ಲಿ ಗುದ್ದಲಿ ಹಾಕಿದರೆ ಮೊದಲು ಕೆಮ್ಮಣ್ಣು ಬರುತ್ತದೆ, ಆಮೇಲೆ ಗರಸು, ಆಮೇಲೆ ಬಂಡೆ. ಬಂಡೆಯ ಕೆಳಗೂ ಬಂಡೆಯೇ. ಅದೇ ಹೋಬಳಿಯ ಹುಡುಗರು ಸ್ಕೂಲು ಬಿಟ್ಟು ಬಂದು ಮೊಬೈಲಿನಲ್ಲಿ ಅಗೆಯುವ ನೆಲದ ಕಥೆ ಬೇರೆ. ಅಲ್ಲಿ ಹತ್ತಿಪ್ಪತ್ತು ಏಟು ಹಾಕುವಷ್ಟರಲ್ಲಿ ಕಾಲಡಿಯ ಕಲ್ಲು ಮಾಯವಾಗಿ ಒಂದು ದೊಡ್ಡ ಹಜಾರ ಬಾಯಿ ತೆರೆಯುತ್ತದೆ. ಚಾವಣಿಯಿಂದ ಇಳಿಬಿದ್ದ ಬಳ್ಳಿಗಳ ತುಂಬ ಹೊಳೆಯುವ ಹಣ್ಣು, ನೆಲಕ್ಕೆ ಪಾಚಿಯ ಹಾಸು, ನಡುವೆ ಕೊಳ, ಕೊಳದಲ್ಲಿ ಗುಲಾಬಿ ಬಣ್ಣದ ಆಕ್ಸೊಲೊಟಲ್ ಎಂಬ ಪ್ರಾಣಿ. ಮೈನ್‌ಕ್ರಾಫ್ಟ್ ಆಡುವ ಮಕ್ಕಳಿರುವ ಮನೆಗಳಿಗೆ ಈ ದೃಶ್ಯ ಹೊಸದಲ್ಲ. ಹಿರಿಯರು ಮಾತ್ರ ಅದನ್ನು ಕಣ್ಣಿಟ್ಟು ನೋಡಿರುವುದಿಲ್ಲ. "ಯಾವಾಗ್ ನೋಡಿದ್ರೂ ಕಲ್ಲು ಕುಟ್ಟೋ ಆಟ" ಎಂದು ಗದರಿಸಿ ಮುಂದೆ ಹೋಗುತ್ತಾರೆ.

ಒಮ್ಮೆ ಪಕ್ಕದಲ್ಲಿ ಕೂತು ನೋಡುವುದು ಒಳ್ಳೆಯದು. ಆ ಗುಹೆಗಳನ್ನು ರೂಪಿಸಿದವರು ನೆಲದೊಳಗಿನ ಸಂಗತಿಗಳನ್ನು ಚೆನ್ನಾಗಿ ಬಲ್ಲವರು. ಒಂದನ್ನು ಮಾತ್ರ ಬೇಕೆಂದೇ ಬಿಟ್ಟಿದ್ದಾರೆ: ಗುಹೆ ಎಲ್ಲಿರಬೇಕು, ಎಲ್ಲಿರಬಾರದು ಎಂದು ತೀರ್ಮಾನಿಸುವುದು ಕಲ್ಲು.

ಸ್ವೀಡನ್ನಿನ ಮಾರ್ಕಸ್ ಪರ್ಸನ್ ಶುರುಮಾಡಿದ ಈ ಆಟ ಪೂರ್ಣ ರೂಪದಲ್ಲಿ ಬಂದದ್ದು 2011ರ ನವೆಂಬರಿನಲ್ಲಿ. 2014ರಲ್ಲಿ ಮೈಕ್ರೊಸಾಫ್ಟ್ 250 ಕೋಟಿ ಡಾಲರ್ ಕೊಟ್ಟು ಆಟದ ಒಡೆತನದ ಮೊಜಾಂಗ್ ಕಂಪನಿಯನ್ನೇ ಕೊಂಡುಕೊಂಡಿತು. 2023ರ ಹೊತ್ತಿಗೆ 30 ಕೋಟಿ ಪ್ರತಿಗಳು ಮಾರಾಟವಾಗಿದ್ದವು. ಆಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಇಲ್ಲಿ ಗೆಲ್ಲಲೇಬೇಕೆಂಬ ಒತ್ತಾಯವಿಲ್ಲ. ಒಂದು ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಇಟ್ಟಿಗೆಗಳಿಂದಾದ ಲೋಕ. ಒಡೆಯಬಹುದು, ಕಟ್ಟಬಹುದು, ಸುಮ್ಮನೆ ತಿರುಗಬಹುದು. ಮೊದಲ ಹತ್ತು ವರ್ಷ ಅದರ ಗುಹೆಗಳು ಹೇಳಿಕೊಳ್ಳುವಂತೇನೂ ಇರಲಿಲ್ಲ. ಬೂದುಗಲ್ಲಿನ ಇಕ್ಕಟ್ಟು ಸಂದಿಗಳು, ಅಲ್ಲಲ್ಲಿ ಕಲ್ಲಿದ್ದಲು, ಕಬ್ಬಿಣ, ಅಷ್ಟೇ. 2021ರ ನವೆಂಬರ್ 30ರಂದು ಬಂದ 'ಕೇವ್ಸ್ ಅಂಡ್ ಕ್ಲಿಫ್ಸ್' ಆವೃತ್ತಿಯ ಎರಡನೇ ಕಂತು ಅದನ್ನೆಲ್ಲ ಬದಲಿಸಿತು. ಲೋಕದ ತಳ 64 ಮೀಟರ್ ಕೆಳಕ್ಕೆ ಹೋಯಿತು, ಮೇಲಿನ ಮಿತಿ 64 ಮೀಟರ್ ಮೇಲೇರಿತು. ತಳದ ಭಾಗದಲ್ಲಿ ಕಲ್ಲಿನ ಬಣ್ಣ ಕಪ್ಪಾಯಿತು, ಒಡೆಯುವುದೂ ನಿಧಾನವಾಯಿತು. ಜೊತೆಗೆ ನೆಲದಡಿಗೂ 'ಬಯೋಮ್'ಗಳು ಬಂದವು.

ಬಯೋಮ್ ಎಂದರೇನು ಎಂದು ಹಾಸನದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಒಂದೇ ಜಿಲ್ಲೆಯಲ್ಲಿ ಸಕಲೇಶಪುರದ ಕಾಫಿ ಕಾಡೂ ಇದೆ, ಚನ್ನರಾಯಪಟ್ಟಣದ ತೆಂಗಿನ ಬಯಲೂ ಇದೆ. ಒಂದೊಂದಕ್ಕೆ ತನ್ನದೇ ಮಳೆ, ಮರ, ಪ್ರಾಣಿ. ಆಟದಲ್ಲಿ ಈ ಬಗೆಯ ಸೀಮೆಗಳು ಮೊದಲಿಂದ ನೆಲದ ಮೇಲಿದ್ದವು. 2021ರ ನಂತರ ಪಾತಾಳದಲ್ಲೂ ಮಲೆನಾಡು, ಬಯಲುಸೀಮೆ ಹುಟ್ಟಿಕೊಂಡವು.

ಮೊದಲು ಹೇಳಿದ ಹಸಿರು ಗುಹೆಗೆ ಆಟದಲ್ಲಿ 'ಲಷ್ ಕೇವ್ಸ್' ಎಂದು ಹೆಸರು. ನನಗೆ ಅದರಲ್ಲಿ ಮೆಚ್ಚಿಗೆಯಾದದ್ದು ಬಳ್ಳಿಯೂ ಅಲ್ಲ, ಹೂವೂ ಅಲ್ಲ, ಅದನ್ನು ಹುಡುಕುವ ಬಗೆ. ನೆಲದ ಮೇಲೆ ಅಝೇಲಿಯಾ ಎಂಬ ಪುಟ್ಟ ಮರ ಕಂಡರೆ ಅದರ ನೇರ ಕೆಳಗೆ ಹಸಿರು ಗುಹೆ ಇದೆ ಎಂದೇ ಅರ್ಥ. ಬುಡದಲ್ಲಿ ಅಗೆದರೆ ಬೇರು ತುಂಬಿದ ಮಣ್ಣು ಸಿಗುತ್ತದೆ, ಅದರ ಜಾಡು ಹಿಡಿದು ಇಳಿದರೆ ಸಾಕು. ಮರ ನೋಡಿ ನೆಲದಡಿ ಏನಿದೆ ಎಂದು ಹೇಳುವ ವಿದ್ಯೆ ನಮ್ಮಲ್ಲಿ ಹಳೆಯದು. ಆರನೇ ಶತಮಾನದ ವರಾಹಮಿಹಿರ 'ಬೃಹತ್ಸಂಹಿತೆ'ಯಲ್ಲಿ ಒಂದಿಡೀ ಅಧ್ಯಾಯವನ್ನು ಇದಕ್ಕೆ ಕೊಟ್ಟಿದ್ದಾನೆ: ಯಾವ ಮರದ ಯಾವ ದಿಕ್ಕಿಗೆ ಹುತ್ತವಿದ್ದರೆ ಎಷ್ಟು ಆಳದಲ್ಲಿ ನೀರು ಎಂದು. ಬೋರ್‌ವೆಲ್ ಪಾಯಿಂಟ್ ನೋಡಲು ಬರುವವರು ಈಗಲೂ ಅತ್ತಿ ಮರವನ್ನೂ ಹುತ್ತವನ್ನೂ ಕಣ್ಣು ಹಾಯಿಸದೆ ಬಿಡುವುದಿಲ್ಲ. ವ್ಯತ್ಯಾಸ ಇಷ್ಟೇ: ಆಟದಲ್ಲಿ ಮರ ಸುಳ್ಳು ಹೇಳುವುದಿಲ್ಲ.

ಎರಡನೆಯದು 'ಡ್ರಿಪ್‌ಸ್ಟೋನ್ ಕೇವ್ಸ್'. ಚಾವಣಿಯಿಂದ ಕಲ್ಲಿನ ಮೊನೆಗಳು ಇಳಿಬಿದ್ದಿರುತ್ತವೆ, ನೆಲದಿಂದ ಮೊನೆಗಳು ಎದ್ದಿರುತ್ತವೆ. ಮೇಲೆ ನೀರಿದ್ದರೆ ಮೊನೆಯಿಂದ ಹನಿ ತೊಟ್ಟಿಕ್ಕುತ್ತದೆ, ಕೆಳಗೆ ಕೊಳಗ ಇಟ್ಟರೆ ತುಂಬುತ್ತದೆ, ಮೊನೆಯೂ ನಿಧಾನಕ್ಕೆ ಬೆಳೆಯುತ್ತದೆ. ಮೊನೆ ತಲೆ ಮೇಲೆ ಬಿದ್ದರೆ ಪ್ರಾಣವೂ ಹೋಗಬಹುದು. ಇದ್ದುದರಲ್ಲಿ ನಿಸರ್ಗಕ್ಕೆ ಅತಿ ಹತ್ತಿರವಾದ ಗುಹೆ ಇದು. ಒಂದೇ ಅವಸರ: ಆಟದ ಒಂದು ದಿನ ಎಂದರೆ ನಮ್ಮ 20 ನಿಮಿಷ, ಅಂಥ ಕೆಲವು ದಿನಗಳಲ್ಲಿ ಮೊನೆ ಒಂದು ಮೀಟರ್ ಬೆಳೆದುಬಿಡುತ್ತದೆ. ನಿಜವಾದ ಗುಹೆಯಲ್ಲಿ ಅದು ವರ್ಷಕ್ಕೆ ಮಿಲಿಮೀಟರಿನ ಸಣ್ಣದೊಂದು ಪಾಲು ಬೆಳೆದರೆ ಹೆಚ್ಚು. ಒಂದು ಮೀಟರಿಗೆ ಸಾವಿರಾರು ವರ್ಷ ಬೇಕು.

ನಿಜವಾದದ್ದು ನೋಡಬೇಕೆಂದರೆ ದಾಂಡೇಲಿ ಕಾಡಿನ ಕವಳಾ ಗುಹೆಗೆ ಹೋಗಬೇಕು. ಅಲ್ಲಿ ನೆಲದಿಂದ ಎದ್ದ ಸುಣ್ಣದ ಮೊನೆಯೇ ಶಿವಲಿಂಗ, ಅದಕ್ಕೇ ಪೂಜೆ. ಇನ್ನೂ ದೊಡ್ಡದು ಬೇಕೆಂದರೆ ಗಡಿಯಾಚೆ, ಆಂಧ್ರದ ನಂದ್ಯಾಲ ಜಿಲ್ಲೆಯ ಬೆಲಂ. ಉದ್ದ 3,229 ಮೀಟರ್, ಅತಿ ಆಳದ ಜಾಗ 46 ಮೀಟರ್, ಅದರ ಹೆಸರು ಪಾತಾಳಗಂಗೆ. 1884ರಲ್ಲಿ ಈ ಗುಹೆಯ ಬಗ್ಗೆ ಬರೆದಿಟ್ಟವನು ರಾಬರ್ಟ್ ಬ್ರೂಸ್ ಫೂಟ್. ಅದೇ ಫೂಟ್ 1894ರಲ್ಲಿ ಹೊಸದಾಗಿ ಶುರುವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥನಾದ. ಕವಳಾ, ಬೆಲಂ ಎರಡೂ ಇರುವುದು ಸುಣ್ಣಕಲ್ಲಿನಲ್ಲಿ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿನೀರು ಸುಣ್ಣಕಲ್ಲನ್ನು ಕರಗಿಸುತ್ತ ಬಿರುಕನ್ನು ಓಣಿಯಾಗಿಸುತ್ತದೆ, ಓಣಿಯನ್ನು ಹಜಾರವಾಗಿಸುತ್ತದೆ. ಕರಗಿದ ಸುಣ್ಣ ಹನಿಯ ಜೊತೆ ಕೆಳಗಿಳಿದು, ಅನಿಲ ಬಿಟ್ಟುಕೊಟ್ಟು ಮತ್ತೆ ಕಲ್ಲಾಗುತ್ತದೆ. ಮೊನೆಗಳು ಹುಟ್ಟುವುದು ಹೀಗೆ.

ಇನ್ನು ಕಟ್ಟಾಯದ ಕಲ್ಲು. ಇಲ್ಲಿಂದ ಗೊರೂರು, ಹೊಳೆನರಸೀಪುರದ ಕಡೆಗೆ ಹಬ್ಬಿರುವ ಬಂಡೆ ಮುನ್ನೂರು ಕೋಟಿ ವರ್ಷಕ್ಕೂ ಹಳೆಯದು. ಭೂವಿಜ್ಞಾನಿಗಳ ಬರಹಗಳಲ್ಲಿ 'ಗೊರೂರು ನೈಸ್', 'ಹೊಳೆನರಸೀಪುರ ಪಟ್ಟಿ' ಎಂಬ ಹೆಸರುಗಳು ಪದೇ ಪದೇ ಬರುತ್ತವೆ. ದಕ್ಷಿಣ ಭಾರತದ ಅತಿ ಹಳೆಯ ಶಿಲೆಗಳ ಮಾತು ಬಂದರೆ ಈ ಎರಡನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹೇಮಾವತಿ ಅಣೆಕಟ್ಟು ನೋಡಲು ಗೊರೂರಿಗೆ ಬರುವ ಪ್ರವಾಸಿಗರಲ್ಲಿ ಎಷ್ಟು ಜನ ಕಾಲ ಕೆಳಗಿನ ಬಂಡೆಯನ್ನು ನೋಡಿ ಹೋಗುತ್ತಾರೋ ಕಾಣೆ. ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಸೇರಿ ಪಟ್ಟೆಪಟ್ಟೆಯಾದ ಈ ನೈಸ್ ಕಲ್ಲನ್ನು ಹುಳಿನೀರು ಸುಣ್ಣದಂತೆ ಕರಗಿಸಲಾರದು. ಅದು ಬಿರಿಯುತ್ತದೆ, ಹೊಪ್ಪಳಿಕೆ ಏಳುತ್ತದೆ, ಕೊನೆಗೆ ಮಣ್ಣಾಗುತ್ತದೆ, ಟೊಳ್ಳಾಗುವುದಿಲ್ಲ. ಹಾಗಾಗಿ ಹಾಸನ, ಹೊಳೆನರಸೀಪುರ, ಅರಕಲಗೂಡಿನ ಮಕ್ಕಳು ಬೆಲಂನಂಥ ಗುಹೆಯನ್ನು ತಮ್ಮ ಊರಿನ ಕೆಳಗೆ ಹುಡುಕಿ ಪ್ರಯೋಜನವಿಲ್ಲ.

ಆಟಕ್ಕೆ ಈ ತೊಡಕಿಲ್ಲ. ಅಲ್ಲಿ ಗುಹೆ ಕೊರೆಯುವುದು ನೀರಲ್ಲ, ಗಣಿತ. 1982ರಲ್ಲಿ ಬಂದ 'ಟ್ರಾನ್' ಎಂಬ ಸಿನಿಮಾಕ್ಕೆ ಕೆಲಸ ಮಾಡಿದ್ದ ಕೆನ್ ಪರ್ಲಿನ್, ಕಂಪ್ಯೂಟರ್ ಚಿತ್ರಗಳ ಮೇಲ್ಮೈ ಅತಿ ನಯವಾಗಿ ಕೃತಕವೆನಿಸುವುದು ಕಂಡು, ಮೋಡ, ಅಮೃತಶಿಲೆಗಳಲ್ಲಿರುವಂಥ ಏರುಪೇರನ್ನು ಹುಟ್ಟಿಸುವ ಸೂತ್ರವೊಂದನ್ನು ಮಾಡಿದ. ಅದಕ್ಕೆ ಪರ್ಲಿನ್ ನಾಯ್ಸ್ ಎಂದು ಹೆಸರು, 1997ರಲ್ಲಿ ಅವನಿಗೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ತಂದುಕೊಟ್ಟದ್ದೂ ಅದೇ. ಮೈನ್‌ಕ್ರಾಫ್ಟಿನ ಬೆಟ್ಟ, ಕಣಿವೆ, ಗುಹೆಗಳ ಹಿಂದಿರುವುದು ಈ ವಂಶದ ಸೂತ್ರಗಳು. ಸೂತ್ರ ಕೊಡುವ ಬೆಲೆ ಒಂದು ಮಿತಿ ದಾಟಿದ ಕಡೆ ಕಲ್ಲು ತೆಗೆದುಹಾಕು ಎಂದರೆ ಭಾರೀ ಹಜಾರ. ಬೆಲೆ ಸೊನ್ನೆಯ ಆಸುಪಾಸಿನಲ್ಲಿದ್ದ ಕಡೆ ಮಾತ್ರ ತೆಗೆ ಎಂದರೆ ಉದ್ದುದ್ದ ಸುರಂಗ. ಮೊದಲನೆಯದಕ್ಕೆ ಆಟ ಮಾಡಿದವರು ಚೀಸ್ ಎಂದೂ, ಎರಡನೆಯದಕ್ಕೆ ಸ್ಪಗೆಟಿ ಎಂದೂ, ಅದಕ್ಕಿಂತ ಸಪೂರವಾದದ್ದಕ್ಕೆ ನೂಡಲ್ ಎಂದೂ ಹೆಸರಿಟ್ಟಿದ್ದಾರೆ. ಹಸಿದ ಹೊತ್ತಿನಲ್ಲಿ ಇಟ್ಟ ಹೆಸರಿರಬೇಕು. ಕಲ್ಲು ಯಾವುದಾದರೇನು, ಸೂತ್ರ ಕೊರೆದುಕೊಂಡು ಹೋಗುತ್ತದೆ. ಆಟದಲ್ಲಿ ಗ್ರ್ಯಾನೈಟ್ ಕೂಡ ಇದೆ, ಗುಹೆ ಅದನ್ನೂ ಸೀಳುತ್ತದೆ.

ಕಂಪನಿಯವರು ಕೊಟ್ಟದ್ದು ಸಾಲದೆಂದು ಅಭಿಮಾನಿಗಳು ತಾವೇ ಗುಹೆ ಬರೆದು ಸೇರಿಸಿಕೊಳ್ಳುತ್ತಾರೆ. ಇಂಥ ಸೇರ್ಪಡೆಗೆ ಮಾಡ್ ಎನ್ನುತ್ತಾರೆ. 2023ರಲ್ಲಿ ಬಂದ 'ಅಲೆಕ್ಸ್ ಕೇವ್ಸ್' ಎಂಬ ಮಾಡಿನಲ್ಲಿ ಅಯಸ್ಕಾಂತದ ಗುಹೆ, ಡೈನೋಸಾರುಗಳ ಗುಹೆ, ವಿಷ ಮತ್ತು ವಿಕಿರಣದ ಗುಹೆ, ಸಮುದ್ರದಡಿಯ ಕಂದಕ ಎಲ್ಲವೂ ಇವೆ. ಬೆರಗು ಹುಟ್ಟಿಸುತ್ತವೆ, ನಿಜ. ಆದರೆ ಗಾತ್ರ, ಬಣ್ಣ ಹೆಚ್ಚಿದಷ್ಟೂ ಅದು ಗುಹೆಗಿಂತ ವಸ್ತುಪ್ರದರ್ಶನದಂತೆ ಕಾಣುತ್ತದೆ ಎಂಬುದು ನನ್ನ ತಕರಾರು. ತೊಟ್ಟಿಕ್ಕುವ ಒಂದು ಹನಿಯ ಮುಂದೆ ಡೈನೋಸಾರ್ ಸಪ್ಪೆ.

ಹೆದರಿಸುವ ವಿಷಯದಲ್ಲೂ ಮೂಲ ಆಟವೇ ಮೇಲು. 2022ರ ಜೂನ್ 7ರ ಆವೃತ್ತಿಯಲ್ಲಿ ಬಂದ 'ಡೀಪ್ ಡಾರ್ಕ್' ಇರುವುದು ಎಲ್ಲಕ್ಕಿಂತ ಕೆಳಗೆ. ಅಲ್ಲಿ ಪಾಳುಬಿದ್ದ ಪಟ್ಟಣಗಳಿವೆ, ವಾರ್ಡನ್ ಎಂಬ ರಾಕ್ಷಸನಿದ್ದಾನೆ. ಅವನಿಗೆ ಕಣ್ಣಿಲ್ಲ. ಹೆಜ್ಜೆಯ ಅದುರಾಟ ಹಿಡಿದು, ವಾಸನೆ ಹಿಡಿದು ಬರುತ್ತಾನೆ. ಮೆಲ್ಲಗೆ ಬಗ್ಗಿ ನಡೆದರೆ, ನೆಲಕ್ಕೆ ಉಣ್ಣೆ ಹಾಸಿಕೊಂಡರೆ ಬಚಾವು. ಎಲ್ಲಾದರೂ ಚೀರಾಡುವ ಹುಡುಗರು ಅಲ್ಲಿ ಉಸಿರು ಬಿಗಿಹಿಡಿದು ಕೂರುವುದನ್ನು ನೋಡಿದರೆ ಮನೆಯವರಿಗೂ ಆ ರಾಕ್ಷಸನ ಮೇಲೆ ಗೌರವ ಬಂದೀತು.

ಆಳ ಎಂಬ ಮಾತು ಬಂದದ್ದರಿಂದ ಒಂದು ಲೆಕ್ಕ. ಆಟದ ಲೋಕ ತಳದಿಂದ ತುದಿಗೆ 384 ಮೀಟರ್. ಕೋಲಾರದ ಚಿನ್ನದ ಗಣಿಯಲ್ಲಿ ಚಾಂಪಿಯನ್ ರೀಫ್ ಎಂಬ ಭಾಗ ಇಳಿದಿದ್ದದ್ದು ಸುಮಾರು 3,200 ಮೀಟರ್. ಎಂಟು ಮೈನ್‌ಕ್ರಾಫ್ಟ್ ಲೋಕಗಳನ್ನು ಒಂದರ ಮೇಲೊಂದು ಪೇರಿಸಿ ಇಳಿಸಿದರೂ ತಳ ಮುಟ್ಟುವುದಿಲ್ಲ. ಅಲ್ಲಿ ಕಾಡುತ್ತಿದ್ದದ್ದು ಬಂಡೆಯ ಬಿಸಿ, ಒತ್ತಡ ತಾಳದೆ ಸಿಡಿಯುವ ಕಲ್ಲು. ಅಷ್ಟು ಆಳದ ನಿಶ್ಶಬ್ದವನ್ನು ವಿಜ್ಞಾನಿಗಳೂ ಬಳಸಿಕೊಂಡರು: ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಬ್ರಿಟನ್ನಿನ ಜೊತೆಗಾರರೊಂದಿಗೆ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣದ ಸುಳಿವು ಹಿಡಿದದ್ದು ಈ ಗಣಿಯಲ್ಲಿ, 2.3 ಕಿಲೋಮೀಟರ್ ಕೆಳಗೆ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಹಾಸನ ಜಿಲ್ಲೆಯಲ್ಲೂ ನೆಲದಡಿ ಇಳಿದು ದುಡಿದವರಿದ್ದಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಪಟ್ಟಿಯ ಬೈರಾಪುರ ಕ್ರೋಮೈಟ್ ಅದಿರಿಗೆ ಹೆಸರಾದ ಊರು.

ಅದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗುಹೆಯೂ ಇದೆ. ಚಂದ್ರಗಿರಿಯ ಮೇಲಿನ ಭದ್ರಬಾಹು ಗುಹೆ ನೀರು ಕರಗಿಸಿದ್ದಲ್ಲ, ದೊಡ್ಡ ಬಂಡೆಯ ಆಸರೆಯಲ್ಲಿ ಉಂಟಾದ ತಾವು. ಒಳಗೆ ಪಾದಗಳ ಗುರುತು, ನಾಲ್ಕಾರು ಜನ ಬಗ್ಗಿ ಕೂರುವಷ್ಟು ಜಾಗ. ನಮ್ಮ ಕಡೆಯ ಬಂಡೆ ಕೊಡುವ ಗುಹೆ ಇಷ್ಟೇ. ಎದುರಿನ ವಿಂಧ್ಯಗಿರಿಯಲ್ಲಿ ಮನುಷ್ಯ ಆ ಬಂಡೆಯಿಂದ ಏನು ತೆಗೆದ ಎಂಬುದು ಜಗತ್ತಿಗೇ ಗೊತ್ತು. 981ರ ಹೊತ್ತಿನ ಗೊಮ್ಮಟನನ್ನು ಯಾರೂ ಕಟ್ಟಲಿಲ್ಲ. ಅವನಲ್ಲದ ಕಲ್ಲನ್ನು ತೆಗೆದುಹಾಕಿದರು. ದಾರಿಯಲ್ಲಿ ಸಿಗುವ ಅಖಂಡ ಬಾಗಿಲೂ ಹಾಗೆಯೇ ಒಂದೇ ಬಂಡೆಯಲ್ಲಿ ಕೊರೆದದ್ದು. ಇಟ್ಟಿಗೆ ಒಡೆದು ಒಡೆದು ಆಕಾರ ತರುವ ಮಕ್ಕಳಿಗೆ ಇದನ್ನು ತೋರಿಸಿ ಹೇಳಿದರೆ ಗೈಡಿನ ಮಾತಿಗಿಂತ ಬೇಗ ತಲೆಗೆ ಹೋಗುತ್ತದೆ.

ಆದರೆ ಕಟ್ಟಾಯ ಸೀಮೆಯ ನಿಜವಾದ ಪಾತಾಳ ಇರುವುದು ಬೆಟ್ಟದಲ್ಲೂ ಅಲ್ಲ, ಗಣಿಯಲ್ಲೂ ಅಲ್ಲ. ಅದು ಹಳೇ ಮನೆಯ ಹಿತ್ತಿಲಲ್ಲಿ, ಕೆಲವು ಕಡೆ ಬೀದಿಯ ನಡುವೆಯೇ ಇರುವ ಹಗೇವು. ರಾಗಿ ತುಂಬಿಡಲು ಗಟ್ಟಿ ನೆಲದಲ್ಲಿ ತೋಡಿದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಕೆಳಗೆ ಹೋಗುತ್ತ ಗಡಿಗೆಯ ಹೊಟ್ಟೆಯಂತೆ ಅಗಲ. ಒಳಗೋಡೆಗೆ ಹುಲ್ಲು ಕೊಟ್ಟು ರಾಗಿ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಬರಗಾಲದಲ್ಲಿ ಕಾಪಾಡುತ್ತಿದ್ದದ್ದು ಇದೇ. ಮುಚ್ಚಿದ ಗುಂಡಿಯಲ್ಲಿ ಕಾಳು ತಾನೇ ಉಸಿರಾಡಿ ಆಮ್ಲಜನಕ ತೀರಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಸಾಯುವುದು ಅದರಿಂದ. ಹುಷಾರು ತಪ್ಪಿ ಇಳಿದರೆ ಮನುಷ್ಯನೂ ಅದರಿಂದಲೇ ಸಾಯುತ್ತಾನೆ.

ಇಂಥದೊಂದು ಹಗೇವಿನ ಚಪ್ಪಡಿಯ ಮೇಲೆ ಕೂತು ಆಡುತ್ತಿದ್ದ ಹುಡುಗನೊಬ್ಬ ಕೇಳಿದ, "ತಾತ, ಇದ್ರೊಳಗೆ ಏನೈತೆ? ಝಾಂಬಿ ಐತಾ?" ತಾತನಿಗೆ ಝಾಂಬಿ ಎಂದರೆ ತಿಳಿಯದು. ಆದರೂ ಉತ್ತರ ಸರಿಯಾಗಿಯೇ ಬಂತು: "ದೀಪ ಇಳಿಸಿ ನೋಡ್ದೆ ಅದ್ರೊಳಗೆ ಇಳಿಯಂಗಿಲ್ಲ ಮಗ. ದೀಪ ಆರೋಯ್ತು ಅಂದ್ರೆ ಇಳ್ದೋನೂ ಆರೋಯ್ತಾನೆ." ಹಗೇವು ತೆಗೆಯುವಾಗಿನ ಕ್ರಮವೇ ಅದು. ಮೊದಲು ಚಪ್ಪಡಿ ಸರಿಸಿ ಬಹಳ ಹೊತ್ತು ಗಾಳಿಯಾಡಲು ಬಿಡಬೇಕು. ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ಅದು ಉರಿಯುತ್ತಿದ್ದರೆ ಸೊಂಟಕ್ಕೆ ಹಗ್ಗ ಬಿಗಿದು ಒಬ್ಬ ಇಳಿಯುತ್ತಿದ್ದ, ಮೇಲಿನವರು ಅವನ ದನಿಗೆ ಓಗೊಡುತ್ತ ಪುಟ್ಟಿ ಎಳೆಯುತ್ತಿದ್ದರು. ಮೈನ್‌ಕ್ರಾಫ್ಟಿನಲ್ಲೂ ಬೆಳಕು ಪೂರ್ತಿ ಸೊನ್ನೆಯಾದ ಕಡೆ ಮಾತ್ರ ರಾಕ್ಷಸರು ಹುಟ್ಟುತ್ತಾರೆ. ಪಂಜು ನೆಟ್ಟುಕೊಂಡು ಹೋದವನಿಗೆ ಭಯ ಕಡಿಮೆ. ಆ ಹುಡುಗನಿಗೆ ತಾತನ ಮಾತು ಸಲೀಸಾಗಿ ಅರ್ಥವಾದದ್ದಕ್ಕೆ ಅದೇ ಕಾರಣ. ರೇಷನ್ ಅಂಗಡಿ, ಗೋಣಿಚೀಲ, ಗಾರೆ ರಸ್ತೆ ಬಂದ ಮೇಲೆ ಹಗೇವುಗಳನ್ನು ಒಂದೊಂದಾಗಿ ಮಣ್ಣು ತುಂಬಿ ಮುಚ್ಚಿದ್ದಾರೆ.

ನೀರಿನ ವಿಷಯಕ್ಕೆ ಬಂದರೆ ಮತ್ತೆ ಕಲ್ಲಿನದೇ ಮಾತು. ಕಾಸರಗೋಡಿನ ಬಾಯಾರು, ಎಣ್ಮಕಜೆ, ಅತ್ತ ಬಂಟ್ವಾಳದ ಮಾಣಿಲದ ಕಡೆ ಗುಡ್ಡವೆಲ್ಲ ಮುರಕಲ್ಲು. ಪಿಕ್ಕಾಸಿಗೆ ಸಿಗುವ ಕಲ್ಲು, ನೀರನ್ನೂ ಹೀರಿಟ್ಟುಕೊಳ್ಳುವ ಕಲ್ಲು. ಅಲ್ಲಿಯವರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು, ಪಂಪಿನ ಹಂಗಿಲ್ಲದೆ ನೀರು ತಾನೇ ಹರಿದು ಬರುವಂತೆ ಮಾಡಿಕೊಂಡಿದ್ದಾರೆ. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಹಗಲು ಕೂಲಿ ಮುಗಿಸಿ, ರಾತ್ರಿ ದೀಪದ ಬೆಳಕಿನಲ್ಲಿ ಒಬ್ಬರೇ ಸುರಂಗ ಕೊರೆದವರು. ಒಂದರ ಹಿಂದೊಂದು ಸುರಂಗ ಒಣಗಿದ್ದೇ ಸಿಕ್ಕಿದರೂ ಬಿಡದೆ ಕೊನೆಗೆ ನೀರು ಕಂಡು ಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಪದ್ಮಶ್ರೀ ಬಂತು. ಒಬ್ಬನೇ ಕೂತು ಗಂಟೆಗಟ್ಟಲೆ ಕಲ್ಲು ಕುಟ್ಟುವ ಹುಡುಗನಿಗೆ ಹೇಳಬೇಕಾದ ಹೆಸರು ಇದು.

ಹಾಸನದ ನೈಸಿನಲ್ಲಿ ಆ ಆಟ ನಡೆಯುವುದಿಲ್ಲ. ಇಲ್ಲಿ ನೀರಿರುವುದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ, ಅದರಡಿಯ ಬಿರುಕುಗಳಲ್ಲಿ. ರಿಗ್ ಲಾರಿ ನಿಂತು ಕೊರೆಯತೊಡಗಿದರೆ ಮೊದಲು ಕೇಸಿಂಗ್ ಇಳಿಯುವ ತನಕ ಕೆಂಪು ಮಣ್ಣು, ಆಮೇಲೆ ಬೂದು ಬಣ್ಣದ ಒಣ ಪುಡಿ ತೆಂಗಿನ ಗರಿಯ ಮೇಲೆಲ್ಲ ಕೂರುತ್ತದೆ. ಮನೆಯವರ ಕಣ್ಣು ಆ ಪುಡಿಯ ಮೇಲೆ. ಪುಡಿ ಒದ್ದೆಯಾಗಿ ಬಂದರೆ "ಗ್ಯಾಪ್ ಸಿಕ್ತು" ಎಂದು ಮುಖ ಅರಳುತ್ತದೆ, ಇಲ್ಲದಿದ್ದರೆ ಅಡಿ ಅಡಿಗೂ ಸಾಲ ಏರುತ್ತದೆ. ಆಟದ ಗುಹೆಗಳಲ್ಲೂ ಈಗ ಅಲ್ಲಲ್ಲಿ ಬೇರೆ ಬೇರೆ ಮಟ್ಟದ ಅಂತರ್ಜಲವಿದೆ, ಆದರೆ ಎರಡು ಬಕೆಟ್ ನೀರು ಕೈಲಿದ್ದರೆ ಅಲ್ಲಿ ಎಂದೂ ಬತ್ತದ ಬಾವಿಯನ್ನೇ ಮಾಡಿಕೊಳ್ಳಬಹುದು. ಈ ಒಂದು ಸುಳ್ಳನ್ನು ಮಾತ್ರ ಮನೆಯ ದೊಡ್ಡವರು ಮಕ್ಕಳಿಗೆ ಬಿಡಿಸಿ ಹೇಳಲೇಬೇಕು.

2014ರಲ್ಲಿ ಬ್ರಿಟನ್ನಿನ ಭೂವಿಜ್ಞಾನ ಸರ್ವೇಕ್ಷಣೆಯವರು ತಮ್ಮ ನಾಡಿನ ನೆಲವನ್ನು, ಅದರ ಕೆಳಗಿನ ಶಿಲೆಗಳ ಸಮೇತ, ಮೈನ್‌ಕ್ರಾಫ್ಟ್ ಒಳಗೆ ತಂದಿಟ್ಟರು. ಮಕ್ಕಳು ತಮ್ಮ ಊರಿನ ಕೆಳಗೆ ಯಾವ ಕಲ್ಲಿದೆ ಎಂದು ಅಗೆದು ನೋಡುವಂತಾಯಿತು. ಕಟ್ಟಾಯಕ್ಕೂ ಹಾಗೆ ಮಾಡಬಹುದು, ಅದಕ್ಕೆ ಸರ್ಕಾರವೇ ಬರಬೇಕೆಂದಿಲ್ಲ. ಆಟದ ಜಾವಾ ಆವೃತ್ತಿಯಲ್ಲಿ ಹೊಸ ಬಯೋಮ್ ಸೇರಿಸಲು ಬೇಕಾದದ್ದು ಸಾದಾ ಅಕ್ಷರಗಳಲ್ಲಿ ಬರೆದ ಕೆಲವು ಕಡತಗಳು; ಶಾಲೆಯ ಹಳೇ ಕಂಪ್ಯೂಟರಿನಲ್ಲೂ ಬರೆಯಬಹುದು. ಹೈಸ್ಕೂಲಿನ ವಿಜ್ಞಾನ ಮೇಷ್ಟ್ರುಗಳು ಮನಸ್ಸು ಮಾಡಲಿ. ಮೇಲೆ ಒಂದಿಷ್ಟು ಕೆಮ್ಮಣ್ಣು, ಅದರಡಿ ಗರಸು, ಆಮೇಲೆ ಪಟ್ಟೆ ಬಂಡೆ, ಬಂಡೆಯಲ್ಲಿ ಕೂದಲೆಳೆಯ ಬಿರುಕು, ಬಿರುಕಿನಲ್ಲಿ ಸ್ವಲ್ಪವೇ ನೀರು, ಮನೆಗೊಂದು ಹಗೇವು. ಮಕ್ಕಳು ಅಳತೆ ತರಲು ತಾತಂದಿರ ಹತ್ತಿರ ಹೋಗಬೇಕಾಗುತ್ತದೆ, ಮುಚ್ಚದೆ ಉಳಿದಿರುವ ಹಗೇವುಗಳ ಪಟ್ಟಿಯೂ ಅದೇ ನೆಪದಲ್ಲಿ ಆಗುತ್ತದೆ. ಅಳೆಯಲು ಹೋದಾಗ ಮೇಲಿಂದಲೇ ಹಗ್ಗ ಬಿಟ್ಟು ಅಳೆಯಿರಿ. ಯಾವ ಕಾರಣಕ್ಕೂ ಒಳಗೆ ಇಳಿಯಬೇಡಿ.